ಕೊನೆಯ ರೀಲು ಬಸ್ಸಿನಲ್ಲಿ ಬಂತು

ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ನಾನು ಸಿಂಧನೂರಿನ ಒಂದು ಟಾಕೀಸಿನಲ್ಲಿ, ತುಂಬಿದ ಮ್ಯಾಟಿನಿ ಆಟದ ಮಧ್ಯೆ, ಪರದೆಯ ಮುಂದಿನ ಕಟ್ಟೆ ಹತ್ತಿ ಕಥೆ ಹೇಳಿದೆ. ಆ ದಿನ ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೆ. ಇದು ಹೇಗಾಯಿತೆಂದು ಹೇಳಬೇಕಾದರೆ ಚಾದರದವನಿಂದಲೇ ಶುರು ಮಾಡಬೇಕು.

ಚಾದರದವನು ಒಂದು ಹಿಂದಿ ಸಿನಿಮಾದ ನಾಯಕ. ಸಿನಿಮಾಕ್ಕೆ ಉದ್ದನೆಯ ಹೆಸರೊಂದಿತ್ತು, ಆದರೆ ನಮ್ಮ ಕಡೆ ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ‘ಚಾದರದಾಂವ ಬಂದಾನಂತ, ನೋಡಿದಿ?’ ಎಂದರೆ ಸಾಕು, ಮಸ್ಕಿಯಿಂದ ಸಿಂಧನೂರಿನ ತನಕ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವನು ಶಹರದ ಕರೆಂಟಿನ ಕಂಬ ಹತ್ತಿ ತಂತಿ ರಿಪೇರಿ ಮಾಡುವ ಬಡವ. ಒಂದು ದಿನ ಸಿಡಿಲು ಬಡಿದು ಅವನಿಗೆ ಹಾರುವ ಶಕ್ತಿ ಬರುತ್ತದೆ. ಮುಖ ಯಾರಿಗೂ ಕಾಣಬಾರದೆಂದು ತಾಯಿಯ ನೀಲಿ ಚಾದರವನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡು, ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟು ಹಾರುತ್ತಾನೆ. ಇಷ್ಟೇ. ಈ ಇಷ್ಟೇ ಎನ್ನುವುದರ ಮೇಲೆ ಮೂರು ಸಿನಿಮಾ ಬಂದವು, ಮೂರನ್ನೂ ನಾವು ಹಬ್ಬ ಕಾದ ಹಾಗೆ ಕಾದೆವು.

ಮೊದಲನೆಯದನ್ನು ನೋಡಿದ್ದು ನಮ್ಮೂರು ಮಸ್ಕಿಯ ಟೆಂಟ್ ಟಾಕೀಸಿನಲ್ಲಿ. ಎಂಬತ್ತರ ದಶಕದ ನಡು ಇರಬೇಕು, ನಾನು ನಾಲ್ಕನೇ ಇಯತ್ತೆ. ಕರೆದುಕೊಂಡು ಹೋದವರು ನಮ್ಮ ಪಕ್ಕದ ಮನೆಯ ಚಾಚಿ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರು ಮನೆಯಲ್ಲೇ ಮಷೀನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದರು, ಮಧ್ಯಾಹ್ನ ಮಷೀನಿನ ಸದ್ದು ನಿಂತಿತೆಂದರೆ ಚಾಚಿ ಸಿನಿಮಾಕ್ಕೆ ಹೊರಟರೆಂದು ಅವ್ವ ಹೇಳುತ್ತಿದ್ದಳು. ಅವ್ವನಿಗೆ ಸಿನಿಮಾದ ಗೊಡವೆಯೇ ಇರಲಿಲ್ಲ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರ್, ಲಿಂಗಸುಗೂರು ಸಿಂಧನೂರು ಮಾರ್ಗದವನು. ದಿನಕ್ಕೆ ನಾಲ್ಕು ಸಲ ನಮ್ಮೂರಿನ ಮೂಲಕವೇ ಹೋಗಿ ಬರುತ್ತಿದ್ದ. ಮನುಷ್ಯ ಹಾರುವ ಮಾತು ಎತ್ತಿದರೆ ಅವನದು ಒಂದೇ ಉತ್ತರ: ‘ಹಾರಾಂವ ಹಾರ್ಲಿ, ನಾ ಏನ್ ಅವಂಗ ಟಿಕೀಟ್ ಹರಿಬೇಕೇನು?’

ಟೆಂಟಿನಲ್ಲಿ ಹೆಂಗಸರು ಮರಳಿನ ಮೇಲೆ ಒಂದು ಕಡೆ ಕೂರುತ್ತಿದ್ದೆವು. ಹಿಂದಿ ಪೂರ್ತಿ ತಿಳಿಯುತ್ತಿದ್ದದ್ದು ಚಾಚಿಗೆ ಮಾತ್ರ. ಅವರು ನನಗೆಂದು ಕನ್ನಡದಲ್ಲಿ ಹೇಳುತ್ತಿದ್ದಂತೆ ಸುತ್ತಲಿನವರು ಒಬ್ಬೊಬ್ಬರಾಗಿ ಮರಳಿನ ಮೇಲೆ ಜರುಗಿ ಜರುಗಿ ನಮ್ಮ ಹತ್ತಿರವೇ ಬಂದು ಗುಂಪಾದರು. ಆ ಸಿನಿಮಾದಲ್ಲಿ ಸೇತುವೆ ಮುರಿದು ಒಂದು ಬಸ್ಸು ಅರ್ಧ ಗಾಳಿಯಲ್ಲಿ ನೇತಾಡುತ್ತದೆ. ಚಾದರದವನು ಕೆಳಗಿನಿಂದ ಹಾರಿ ಬಂದು ಅದನ್ನು ಭುಜದ ಮೇಲೆ ಹೊತ್ತು ನಿಲ್ಲುತ್ತಾನೆ. ಬಸ್ಸಿನೊಳಗೆ ಎರಡು ಜಡೆಯ ಒಬ್ಬ ಹುಡುಗಿ, ನನ್ನಷ್ಟೇ ವಯಸ್ಸಿನವಳು. ಇಳಿಸಿದಾಗ ಅವನ ಚಾದರ ಸರಿದು ಅವಳಿಗೊಬ್ಬಳಿಗೆ ಮುಖ ಕಾಣಿಸಿಬಿಡುತ್ತದೆ. ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಾನೆ. ಅವಳು ತಲೆಯಾಡಿಸುತ್ತಾಳೆ. ಅವತ್ತಿನಿಂದ ನನಗೆ ಆ ಗುಟ್ಟು ಅವಳಿಗೂ ನನಗೂ ಮಾತ್ರ ಗೊತ್ತು ಎನ್ನಿಸಿತು. ಟೆಂಟಿನಲ್ಲಿದ್ದ ಅಷ್ಟೂ ಜನರಿಗೆ ಹಾಗೆಯೇ ಅನ್ನಿಸಿತ್ತೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಎರಡನೆಯದು ಬಂದಾಗ ನಾನು ಎಂಟನೇ ಇಯತ್ತೆ. ಅದನ್ನು ನೋಡಲು ಸಿಂಧನೂರಿಗೆ ಹೋದೆವು. ಅದರಲ್ಲಿ ಚಾದರದವನ ಜೀವದ ಗೆಳೆಯನೇ ವೈರಿಯಾಗುತ್ತಾನೆ. ಕೊನೆಗೆ ಇಬ್ಬರೂ ಮುಗಿಲಿನಿಂದ ಸಮುದ್ರಕ್ಕೆ ಬೀಳುತ್ತಾರೆ, ನೀರಿನ ಮೇಲೆ ನೀಲಿ ಚಾದರವೊಂದೇ ತೇಲುತ್ತದೆ, ಅಲ್ಲಿಗೆ ಲೈಟು ಹಾಕಿಬಿಟ್ಟರು. ಚಾಚಿಗೆ ನಂಬಿಕೆಯಾಗಲಿಲ್ಲ. ಗೇಟಿನವನ ಹತ್ತಿರ ಹೋಗಿ ಕೇಳಿದರು, ‘ಇನ್ನೊಂದು ರೀಲ್ ಐತಲ್ಲ, ಅದನ್ಯಾಕ ಹಾಕ್ಲಿಲ್ಲ?’

‘ಇಷ್ಟ ಐತ್ರಿ. ಮುಂದಿಂದು ಮುಂದಿನ ಸಿನಿಮಾದಾಗ ಬರ್ತೈತಿ.’

‘ಅಲ್ಲಿತನ ಅಂವ ನೀರಾಗ ಇರಬೇಕೇನು?’

ಅಲ್ಲಿತನಕ ಅಂದರೆ ನಾಲ್ಕು ವರ್ಷವಾಯಿತು. ಆ ನಾಲ್ಕು ವರ್ಷ ಅವನು ಸತ್ತಿದ್ದಾನೋ ಬದುಕಿದ್ದಾನೋ ಎಂಬುದು ನಮ್ಮ ಕಡೆಯ ದೊಡ್ಡ ತಕರಾರಾಗಿತ್ತು. ಕ್ಷೌರದ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಅದೇ. ಹೀರೋನ ಕಾಲು ಮುರಿದಿದೆ, ಇನ್ನು ಸಿನಿಮಾ ಬರುವುದಿಲ್ಲ ಎಂದು ಯಾರೋ ಸುದ್ದಿ ಹಬ್ಬಿಸಿದಾಗ ಚಾಚಿ ಒಂದು ದಿನ ಮಷೀನ್ ಮುಟ್ಟಲಿಲ್ಲ.

ಕಾಲೇಜಿಗೆಂದು ನಾನು ದಿನವೂ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡತೊಡಗಿದೆ. ಅಲ್ಲಿ ನನಗೊಬ್ಬಳು ಗೆಳತಿ ಸಿಕ್ಕಳು, ಪೂರ್ವ ಬಂಗಾಲದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ. ಅವಳ ನೋಟ್‌ಬುಕ್ಕಿನ ರಟ್ಟಿನ ಒಳಗೆ, ಪುಸ್ತಕ ತೆರೆದರೆ ಮಾತ್ರ ಕಾಣುವಂತೆ, ಪೇಪರಿನಿಂದ ಕತ್ತರಿಸಿದ ಚಾದರದವನ ಚಿತ್ರ ಅಂಟಿಸಿದ್ದಳು. ಅದನ್ನು ನೋಡಿದ ದಿನವೇ ನಾವು ಒಂದೇ ಬೆಂಚಿಗೆ ಬಂದೆವು. ಅವಳದು ಮನೆಯಲ್ಲಿ ಬಂಗಾಲಿ, ಹೊರಗೆ ನಮ್ಮದೇ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿ ಬರುತ್ತಿದ್ದವು.

‘ಅಂವ ಸತ್ತಿಲ್ಲ ನೋಡಬೇ’ ಎಂದು ಅವಳು ಮೊದಲ ದಿನವೇ ನನಗೆ ಖಂಡಿತವಾಗಿ ಹೇಳಿದಳು. ‘ಅಂವ ಸತ್ತಿದ್ರ ಚಾದರ ಸುತ್ತಿಗೊಂಡ ಮುಳುಗಬೇಕಿತ್ತು. ತೇಲಾಕತ್ತೈತಿ ಅಂದ್ರ ಅಂವ ತಾನ ಬಿಚ್ಚಿ ಒಗದಾನ. ಬಿಚ್ಚಾಕ ಜೀವ ಬೇಕಲ್ಲ?’

ಅಷ್ಟು ದಿನದಲ್ಲಿ ಇಷ್ಟು ಒಳ್ಳೆಯ ವಾದವನ್ನು ನಾನು ಕೇಳಿರಲಿಲ್ಲ. ಸಂಜೆ ಮನೆಗೆ ಹೋದವಳೇ ಚಾಚಿಗೆ ಹೇಳಿದೆ. ಚಾಚಿ ಆ ಹುಡುಗಿಯನ್ನು ಒಂದು ಸಲ ಮನೆಗೆ ಕರೆದುಕೊಂಡು ಬಾ ಎಂದರು.

ಮೂರನೆಯದು, ಕೊನೆಯದು, ನಮ್ಮ ಸೀಮೆಯಲ್ಲಿ ಮೊದಲು ಲಿಂಗಸುಗೂರಿಗೆ ಬಂತು. ಚಾಚಿಯ ತಂಗಿಯ ಮನೆ ಅಲ್ಲಿತ್ತು. ಭಾನುವಾರ ಇಬ್ಬರೂ ಹೋದೆವು. ಟಾಕೀಸಿನ ಮುಂದೆ ಸೈಕಲ್ಲು ನಿಲ್ಲಿಸಲು ಜಾಗವಿರಲಿಲ್ಲ, ಹಳ್ಳಿಗಳಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದಿದ್ದರು. ಹೆಂಗಸರ ಸಾಲಿನಲ್ಲಿ ಕಾಲು ತುಳಿಸಿಕೊಂಡು, ಬಳೆ ಒಡೆದುಕೊಂಡು ಒಳಗೆ ಹೋಗಿ ಕುಳಿತೆವು.

ಅವನು ಬದುಕಿದ್ದ. ಮೀನುಗಾರರ ಒಂದು ಗುಡಿಸಿಲಿನಲ್ಲಿ, ಗಡ್ಡ ಬಿಟ್ಟುಕೊಂಡು ಬಲೆ ಹೆಣೆಯುತ್ತಿದ್ದ. ಮುಖ ಕಂಡದ್ದೇ ತಡ, ಜನ ಎದ್ದು ನಿಂತರು. ಮುಂದೆ ನಿಂತವರಿಂದ ನನಗೆ ಪರದೆ ಕಾಣಲಿಲ್ಲ, ನಾನೂ ಬೆಂಚಿನ ಮೇಲೆ ಹತ್ತಿದೆ. ಅದಾದ ಮೇಲೆ ಆಟ ಮುಗಿಯುವವರೆಗೆ ನಾನು ಸರಿಯಾಗಿ ಕೂತ ನೆನಪಿಲ್ಲ.

ಆ ಕೊನೆಯ ಸಿನಿಮಾದಲ್ಲಿ ನಮಗೆ ಹಿಡಿಸಿದ್ದು ಹಾರಾಟವಲ್ಲ. ಹಾರಾಟ ಹಿಂದಿನ ಎರಡರಲ್ಲೇ ಹೆಚ್ಚಿತ್ತು. ಇದರಲ್ಲಿ ಅವನು ಹಾರಿದಷ್ಟು ಸಲ ಒಂದೊಂದು ನೆನಪು ಕಳೆದುಕೊಳ್ಳುತ್ತಾನೆ. ಮೊದಲು ತಾನು ಕಲಿತ ಕೆಲಸ ಮರೆಯುತ್ತಾನೆ, ಆಮೇಲೆ ಗೆಳೆಯನ ಹೆಸರು, ಆಮೇಲೆ ತನ್ನ ಓಣಿಯ ದಾರಿ. ಅದು ಅವನಿಗೆ ಗೊತ್ತು. ಗೊತ್ತಿದ್ದೂ ಯಾರೋ ಕೂಗಿದರೆ ಎದ್ದು ಹೋಗುತ್ತಾನೆ. ‘ಹೋಗಬ್ಯಾಡಪ್ಪ’ ಎಂದು ಹೆಂಗಸರ ಕಡೆಯಿಂದ ಒಬ್ಬಾಕೆ ಪರದೆಗೆ ಹೇಳಿದರೆ ಯಾರೂ ನಗಲಿಲ್ಲ. ಇನ್ನೊಂದು, ಮೊದಲ ಸಿನಿಮಾದ ಸಣ್ಣ ಸಣ್ಣ ಜನರೆಲ್ಲ ಇದರಲ್ಲಿ ತಿರುಗಿ ಬಂದರು. ಶೇಂಗಾ ಮಾರುವ ಕುಂಟ ಮುದುಕ, ಟಪಾಲಿನವನು, ಕೊನೆಗೆ ಬಸ್ಸಿನ ಆ ಎರಡು ಜಡೆಯ ಹುಡುಗಿ. ಅದೇ ಹುಡುಗಿ, ಅಷ್ಟೂ ವರ್ಷ ದೊಡ್ಡವಳಾಗಿ, ಸೀರೆ ಉಟ್ಟು, ಶಾಲೆಯಲ್ಲಿ ಮಾಸ್ತರಣಿಯಾಗಿ. ಅವಳನ್ನು ನೋಡಿದ ಕೂಡಲೇ ಚಾಚಿ ನನ್ನ ತೋಳು ಹಿಡಿದು, ‘ದೇಖ್ ಬೇಟಿ, ನಿನ್ನಂಗ ದೊಡ್ಡಾಕಿ ಆಗ್ಯಾಳ’ ಎಂದರು. ನನಗೆ ಅಳು ಬಂತು, ಕುಣಿಯಬೇಕೆಂದೂ ಅನ್ನಿಸಿತು. ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದೆ. ಹೊಡೆಯಲು ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಮರುದಿನ ಕಾಲೇಜಿನ ಗೇಟಿನಲ್ಲೇ ಗೆಳತಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ‘ಒಂದ ಒಂದು ಮಾತು ಹೇಳಿದ್ರೂ ನಿನ್ನ ಜೋಡಿ ಮಾತು ಬಿಡ್ತೀನಿ. ಬದುಕ್ಯಾನೋ ಇಲ್ಲೋ, ಅಷ್ಟ ಹೇಳು.’

‘ಬದುಕ್ಯಾನ.’

‘ನಾ ಹೇಳಿದ್ದಿಲ್ಲ? ಸಾಕು, ಮುಂದ ಹೇಳಬ್ಯಾಡ.’

ಸಿಂಧನೂರಿಗೆ ಬರುವವರೆಗೆ ಹನ್ನೆರಡು ದಿನ ನಾನು ಬಾಯಿ ಕಟ್ಟಿಕೊಂಡಿದ್ದೆ. ಅಂಥ ಕಷ್ಟ ಮತ್ತೆ ಪಡಲಿಲ್ಲ. ಬಂದ ಮೊದಲ ದಿನದ ಮ್ಯಾಟಿನಿಗೇ ಹೋಗುವುದೆಂದು ಗೊತ್ತುಮಾಡಿದೆವು. ಅದು ಶುಕ್ರವಾರ, ಮಧ್ಯಾಹ್ನ ಎರಡು ಕ್ಲಾಸು ಇದ್ದವು. ಚಾಚಿ ಮಸ್ಕಿಯಿಂದ ಬಸ್ಸಿಗೆ ಬಂದು ಟಾಕೀಸಿನ ಮುಂದೆ ಬುರ್ಖಾದಲ್ಲಿ ನಿಂತಿದ್ದರು, ಕೈಯಲ್ಲಿ ಮೂವರಿಗೂ ಕಟ್ಟಿಸಿಕೊಂಡ ಮಂಡಕ್ಕಿ ಒಗ್ಗರಣೆಯ ಪೊಟ್ಟಣ.

ಸಿಂಧನೂರಿನ ಟಾಕೀಸಿನಲ್ಲಿ ಎಲ್ಲ ತರಹದ ಜನ ಬರುತ್ತಿದ್ದರು. ಕಾಲುವೆ ಊರುಗಳ ರೈತರು, ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿ ಭತ್ತ ಬೆಳೆಯುವವರು, ಬಂಗಾಲಿ ಕ್ಯಾಂಪಿನವರು, ಪೇಟೆಯ ಸಾಬರು. ನಾಲ್ಕು ಭಾಷೆಯಲ್ಲಿ ಸೀಟಿಯೊಂದೇ. ಗೆಳತಿ ನನ್ನ ಎಡಕ್ಕೆ, ಚಾಚಿ ಬಲಕ್ಕೆ. ಗಡ್ಡದ ಮುಖ ಕಂಡಾಗ ಗೆಳತಿ ಬಂಗಾಲಿಯಲ್ಲಿ ಏನೋ ಅಂದು ನನ್ನ ಬೆನ್ನಿಗೆ ಗುದ್ದಿದಳು. ಇಂಟರ್‌ವಲ್ ಯಾಕೋ ಬಹಳ ಹೊತ್ತು ನಡೆಯಿತು. ಯಾರಿಗೂ ಅನುಮಾನ ಬರಲಿಲ್ಲ, ಎಲ್ಲರೂ ಮಾತಿನಲ್ಲಿದ್ದರು.

ಕೊನೆಯ ಘಟ್ಟ ಬಂತು. ಶಹರದ ಮೇಲಿನ ಡ್ಯಾಮು ಬಿರುಕು ಬಿಟ್ಟಿದೆ, ಗೇಟು ಕಿತ್ತು ಹೋಗುತ್ತಿದೆ. ಅವನಿಗೆ ಉಳಿದಿರುವುದು ಒಂದೇ ನೆನಪು, ತಾಯಿಯದು. ಇನ್ನೊಂದು ಸಲ ಹಾರಿದರೆ ಅದೂ ಹೋಗುತ್ತದೆ. ಮನೆಯ ಮಾಳಿಗೆಯ ಮೇಲೆ ನಿಂತು, ಕೆಳಗೆ ರೊಟ್ಟಿ ಬಡಿಯುವ ತಾಯಿಯನ್ನು ಒಂದು ಸಲ ನೋಡಿ, ಚಾದರ ಸುತ್ತಿಕೊಂಡು ಜಿಗಿದ. ಜಿಗಿದದ್ದೇ ಪರದೆ ಬೆಳ್ಳಗಾಯಿತು. ಮೇಲೆ ಖಾಲಿ ಚಕ್ರ ತಿರುಗುವ ಸದ್ದು ಕೇಳಿತು. ಲೈಟು ಹತ್ತಿತು.

ಜನ ತಿರುಗಿ ಮೇಲಿನ ಪ್ರೊಜೆಕ್ಟರ್ ಕಿಂಡಿಯ ಕಡೆ ನೋಡಿದರು. ಆಮೇಲೆ ಬೆಂಚು ಬಡಿಯುವ ಸದ್ದು ಶುರುವಾಯಿತು. ಟಾಕೀಸಿನ ಮ್ಯಾನೇಜರ್, ತೆಳ್ಳನೆಯ ವಯಸ್ಸಾದ ಮನುಷ್ಯ, ಪರದೆಯ ಮುಂದಿನ ಕಟ್ಟೆಗೆ ಬಂದು ಎರಡೂ ಕೈ ಎತ್ತಿದರು.

‘ನನ್ನ ಮಾತು ಕೇಳ್ರಿ. ಕೊನೀ ರೀಲಿನ ಡಬ್ಬಿ ಲಿಂಗಸೂರಿನ್ಯಾಗ ಉಳದೈತಿ. ಮುಂಜಾನಿ ಫೋನ್ ಮಾಡೀನಿ, ಬಸ್ಸಿಗೆ ಕೊಟ್ಟಾರ. ಬಸ್ ಇಷ್ಟೊತ್ತಿಗೆ ಬರಬೇಕಿತ್ತು. ದಾರ್‍ಯಾಗ ಪಂಚರ್ ಆಗೈತಂತ ಸುದ್ದಿ ಬಂತು. ಇನ್ನ ಅರ್ಧ ತಾಸಿನ್ಯಾಗ ಬಂದ ಬರ್ತೈತಿ.’

ಲಿಂಗಸುಗೂರಿನ ಬಸ್ಸು ಎಂಬ ಮಾತು ನನ್ನ ಕಿವಿಗೆ ಬಿತ್ತು, ಆದರೆ ಆ ಮಾರ್ಗದಲ್ಲಿ ಎಷ್ಟೋ ಬಸ್ಸುಗಳಿದ್ದವು. ಅಲ್ಲದೆ ಅಷ್ಟರಲ್ಲಿ ಗೆಳತಿ ನನ್ನ ಎರಡೂ ಕೈ ಹಿಡಿದಿದ್ದಳು.

‘ಈಗ ಹೇಳು.’

‘ಹೇಳಬ್ಯಾಡ ಅಂದಿದ್ದಿ.’

‘ಅವಾಗ ಅಂದಿದ್ದೆ. ಈಗ ಅಂವ ಹಾರ್‍ಯಾನ. ತಾಯಿನ್ನ ಮರೀತಾನೇನು? ಅರ್ಧ ತಾಸು ನನ್ನ ಕೈಲೆ ಆಗಂಗಿಲ್ಲ. ನನ್ನ ಕಿವ್ಯಾಗ ಹೇಳು.’

ಕಿವಿಯಲ್ಲಿ ಹೇಳತೊಡಗಿದೆ. ಮುಂದಿನ ಬೆಂಚಿನ ಹೆಂಗಸರು ಹಿಂದಕ್ಕೆ ತಿರುಗಿದರು. ‘ಏನಂತ ಹೇಳಾಕತ್ತೀ? ನೋಡೀಯೇನು? ಜೋರಲೆ ಹೇಳವ್ವ.’ ಗಂಡಸರ ಕಡೆಯೂ ಗೊತ್ತಾಯಿತು. ಒಬ್ಬ ಎದ್ದು, ‘ಆಕಿ ನೋಡ್ಯಾಳಂತ, ಮುಂದ ಬಂದು ಹೇಳಾಕ ಹೇಳ್ರಿ’ ಎಂದ. ಇನ್ನೊಂದು ಮೂಲೆಯಿಂದ, ‘ಕೊನೀದು ಹೇಳಬ್ಯಾಡ್ರಿ, ನಾವು ನೋಡಾಕ ಬಂದೀವಿ, ಕೇಳಾಕಲ್ಲ’ ಎಂದು ಕೂಗು ಬಂತು. ಇಬ್ಬರಿಗೂ ಜನ ಕೂಡಿದರು. ಬೆಂಚು ಬಡಿಯುವುದು ನಿಂತಿತು, ಜಗಳ ಹತ್ತಿತು.

ಅದನ್ನು ಬಿಡಿಸಿದ್ದು ಬಳಗಾನೂರಿನ ಒಬ್ಬ ಮುದುಕ ರೈತ. ರುಮಾಲು ಸರಿಮಾಡಿಕೊಳ್ಳುತ್ತ ಎದ್ದು ನಿಧಾನವಾಗಿ ಹೇಳಿದ: ‘ತಮ್ಮಾ, ನಮ್ಮೂರಾಗ ಬಯಲಾಟ ಆಡ್ತಾರ. ಕೊನೀಗೆ ಯಾರು ಗೆಲ್ತಾರ, ಯಾರು ಸಾಯ್ತಾರ ನಮಗ ಸಣ್ಣಾವಿದ್ದಾಗಿಂದ ಗೊತ್ತೈತಿ. ಗೊತ್ತೈತಂತ ಯಾವಾಗರ ಎದ್ದು ಮನಿಗೆ ಹೋಗೀವೇನು? ಹೇಳ್ಲಿ ಬಿಡು ಆ ಕೂಸು. ರೀಲ್ ಬಂದ ಮ್ಯಾಲೆ ನೋಡೂನು.’

ಮ್ಯಾನೇಜರಿಗೆ ಅಷ್ಟೇ ಬೇಕಿತ್ತು. ಅವರು ಹೆಂಗಸರ ಕಡೆ ಬಂದು, ‘ಬಾರವ್ವ, ಪುಣ್ಯ ಬರ್ತೈತಿ’ ಎಂದರು. ನಾನು ಚಾಚಿಯ ಮುಖ ನೋಡಿದೆ. ಚಾಚಿ, ‘ಜಾ ಬೇಟಿ, ಡರ್ ನಕ್ಕೊ, ಅಂಜಬ್ಯಾಡ, ನೀ ಮರತ್ರ ನಾ ಇಲ್ಲಿಂದ ಹೇಳ್ತೀನಿ’ ಎಂದರು. ಗೆಳತಿ ಹಿಂದಿನಿಂದ ದೂಡಿಯೇಬಿಟ್ಟಳು.

ಕಟ್ಟೆಯ ಮೇಲೆ ನಿಂತಾಗ ಮೊದಲು ಕಂಡದ್ದು ಬರೀ ತಲೆಗಳು. ‘ಅಂವ ಹಾರಿದ’ ಎಂದೆ. ಹಿಂದಿನವರು ‘ಕೇಳವಲ್ದು’ ಎಂದರು. ಮತ್ತೆ ಜೋರಾಗಿ ‘ಅಂವ ಹಾರಿದ್ರೀ’ ಎಂದೆ. ಯಾರೋ ಸೀಟಿ ಹೊಡೆದರು, ಅದರಿಂದ ಧೈರ್ಯ ಬಂತು. ಹೇಗೆ ಹಾರಿದ ಎಂದು ತೋರಿಸಲು ಎರಡೂ ಕೈ ಚಾಚಿದೆ. ಓಢಣಿ ಹಿಂದಕ್ಕೆ ಇಳಿಬಿದ್ದಿತ್ತು. ಚಾದರದಂತೆಯೇ ಕಂಡಿತೆಂದು ಗೆಳತಿ ಆಮೇಲೆ ಹೇಳಿದಳು.

ಡ್ಯಾಮಿನ ಗೇಟನ್ನು ಬೆನ್ನಿನಿಂದ ಒತ್ತಿ ಹಿಡಿದದ್ದು ಹೇಳಿದೆ. ‘ಒಂದ ಗೇಟೇನು, ಎರಡೇನು?’ ಎಂದು ರೈತನೊಬ್ಬ ಕೇಳಿದ. ಒಂದೇ ಎಂದೆ. ‘ಹಂಗಾದ್ರ ನೀರು ಮಗ್ಗಲಾ ಗೇಟ್ ಕೀಳ್ತೈತಲ್ಲ’ ಎಂದ. ಕಾಲುವೆಯ ನೀರು ಕಂಡ ಜನ, ಅವರಿಗೆ ಸುಳ್ಳು ಹೇಳುವಂತಿರಲಿಲ್ಲ. ಚಾಚಿ ಕುಳಿತಲ್ಲಿಂದಲೇ ಕೂಗಿದರು, ‘ಐಸಾ ನೈ ಬೇಟಿ, ಪೈಲೆ ಪುಲ್ ಟೂಟ್ತಾ. ಮೊದಲು ಸೇತುವಿ ಬೀಳ್ತೈತಿ, ಆ ಕಲ್ಲು ಮಗ್ಗಲಾ ಗೇಟಿಗೆ ಅಡ್ಡ ಬೀಳ್ತಾವ.’ ರೈತ ‘ಹಾಂ, ಹಂಗನ್ನಿ’ ಎಂದು ಕುಳಿತ. ತೆಲುಗು ಕ್ಯಾಂಪಿನ ಹೆಂಗಸರ ಗುಂಪಿನಲ್ಲಿ ಒಬ್ಬಾಕೆ ನಾನು ಹೇಳಿದ್ದನ್ನು ಸಾಲು ಸಾಲಾಗಿ ತೆಲುಗಿಗೆ ಮಾಡಿ ತನ್ನವರಿಗೆ ಹೇಳುತ್ತಿದ್ದಳು, ಅವಳು ಮುಗಿಸುವವರೆಗೆ ನಾನು ನಿಲ್ಲುತ್ತಿದ್ದೆ. ಆ ನಿಲ್ಲುವಿಕೆಯಲ್ಲಿ ಇಡೀ ಟಾಕೀಸು ಮುಂದೇನು ಎಂದು ಕಾಯುವುದು ನನಗೆ ಕೇಳಿಸುತ್ತಿತ್ತು. ಕಥೆ ಹೇಳುವ ರುಚಿ ನನಗೆ ಹತ್ತಿದ್ದು ಆ ಹೊತ್ತಿನಲ್ಲಿ.

ಅವನು ದಂಡೆಯ ಮೇಲೆ ಬಿದ್ದ. ಚಾದರ ನೀರಿನಲ್ಲಿ ಹೋಯಿತು, ಶಕ್ತಿ ಹೋಯಿತು, ನೆನಪೂ ಹೋಯಿತು. ಕಣ್ಣು ಬಿಟ್ಟರೆ ಊರಿನ ಜನರೆಲ್ಲ ಸಾಲಾಗಿ ನಿಂತು ಉಸುಕಿನ ಚೀಲ ಕೈಯಿಂದ ಕೈಗೆ ಸಾಗಿಸುತ್ತಿದ್ದಾರೆ. ತಾನು ಯಾರೆಂದು ಅವನಿಗೆ ಗೊತ್ತಿಲ್ಲ. ಆದರೂ ಎದ್ದು ಹೋಗಿ ಸಾಲಿನಲ್ಲಿ ನಿಂತ. ಆ ಕಡೆ ಶೇಂಗಾದ ಮುದುಕ, ಈ ಕಡೆ ಟಪಾಲಿನವನು. ಮೈಮುಖವೆಲ್ಲ ಕೆಸರು, ಅವರಿಗೂ ಇವನಾರೆಂದು ಗೊತ್ತಿಲ್ಲ. ‘ತಗೋಪಾ’ ಎಂದು ಚೀಲ ಕೊಡುತ್ತಾರೆ.

ಮುಂದಿನ ಸಾಲಿನವರು ಬೆಂಚಿನ ತುದಿಗೆ ಜರುಗಿ ಕುಳಿತಿದ್ದರು.

‘ಅವಾಗ ಅವನ ತಾಯಿ ಕೊಡ ತಗೊಂಡು ಬಂದಳು’ ಎಂದೆ. ‘ಸಾಲಿನ್ಯಾಗ ಒಬ್ಬೊಬ್ಬರಿಗೇ ನೀರು ಕೊಟ್ಕೋಂತ, ಇವನ ಮುಂದ ಬಂದು…’

ಟಾಕೀಸಿನ ಬಾಗಿಲಿನ ಪರದೆ ಸರಿಯಿತು. ಹೊರಗಿನ ಬಿಸಿಲಿನಲ್ಲಿ, ಖಾಕಿ ಅಂಗಿಯಲ್ಲಿ, ಭುಜದ ಮೇಲೆ ತಗಡಿನ ಡಬ್ಬಿ ಹೊತ್ತು ಅಪ್ಪ ನಿಂತಿದ್ದ. ಕೊರಳಲ್ಲಿ ಟಿಕೆಟಿನ ಚೀಲ ಹಾಗೇ ಇತ್ತು.

ನನ್ನ ಕೈ ಇನ್ನೂ ಗಾಳಿಯಲ್ಲಿತ್ತು. ಅಪ್ಪ ನನ್ನನ್ನು ನೋಡಿದ. ಬಿಸಿಲಿನಿಂದ ಬಂದು ಇನ್ನೂ ಕಣ್ಣು ಹೊಂದದವನಂತೆ ಒಂದು ಸಲ ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದ. ಹಿಂದಿನ ಸಾಲಿನಿಂದ ‘ಮುಂದ? ಬಂದು ಏನ್ ಮಾಡಿದಳು?’ ಎಂದು ಕೇಳುತ್ತಲೇ ಇದ್ದರು. ನಾನು ಕೈ ಇಳಿಸಿ ಓಢಣಿ ಸರಿಮಾಡಿಕೊಂಡೆ.

ಮ್ಯಾನೇಜರ್ ಓಡಿ ಹೋಗಿ ಡಬ್ಬಿ ಇಳಿಸಿಕೊಂಡರು. ‘ದೊಡ್ಡ ಉಪಕಾರ ಆತು ನೋಡ್ರಿ ಕಂಡಕ್ಟರ್ ಸಾಹೇಬ್ರ. ಈ ಹುಡುಗಿ ಇಲ್ದಿದ್ರ ಇವತ್ತು ನನ್ನ ಬೆಂಚು ಒಂದೂ ಉಳೀತಿದ್ದಿಲ್ಲ.’

ಅಪ್ಪ ಭುಜ ಒರೆಸಿಕೊಂಡ. ‘ಅಕಿ ನನ್ನ ಮಗಳ್ರೀ’ ಎಂದ.

ಅಷ್ಟೇ. ಸಿಟ್ಟಿತ್ತೋ ಇಲ್ಲವೋ ಧ್ವನಿಯಲ್ಲಿ ಗೊತ್ತಾಗಲಿಲ್ಲ. ನಾನು ಕಟ್ಟೆ ಇಳಿದು ನನ್ನ ಜಾಗಕ್ಕೆ ಹೋಗುವಾಗ ಜನ ಚಪ್ಪಾಳೆ ಹೊಡೆದರು, ನನಗೆ ಭೂಮಿ ಬಾಯಿ ತೆರೆದರೆ ಸಾಕಾಗಿತ್ತು. ಚಾಚಿ ಬುರ್ಖಾದ ಮುಸುಕು ಕೆಳಗೆಳೆದುಕೊಂಡು ಕುಳಿತಿದ್ದರು. ಲೈಟು ಆರಿತು.

ಉಳಿದದ್ದನ್ನು ಪರದೆಯೇ ಹೇಳಿತು. ತಾಯಿ ಅವನ ಮುಂದೆ ಬಂದು ತಂಬಿಗೆ ಕೊಡುತ್ತಾಳೆ. ಅವನು ಕಣ್ಣು ಮುಚ್ಚಿ, ತುಟಿ ಸೋಂಕಿಸದೆ, ಎತ್ತಿ ಕುಡಿಯುತ್ತಾನೆ. ಸಣ್ಣವನಿದ್ದಾಗಿನಿಂದ ಅವನದೇ ಆದ ಆ ಕುಡಿಯುವ ರೀತಿಯಿಂದಲೇ ಅವಳಿಗೆ ತನ್ನ ಮಗನೆಂದು ತಿಳಿಯುತ್ತದೆ. ಯಾವೂರಪ್ಪ ಎಂದು ಕೇಳುತ್ತಾಳೆ. ಗೊತ್ತಿಲ್ಲ ಅಮ್ಮ ಎನ್ನುತ್ತಾನೆ. ಹಾಗಾದರೆ ನಮ್ಮ ಮನೆಗೆ ಊಟಕ್ಕೆ ಬಾ ಎನ್ನುತ್ತಾಳೆ. ನೀನು ನನ್ನ ಮಗ, ಹಾರುತ್ತಿದ್ದೆ ಎಂದು ಒಂದು ಮಾತೂ ಹೇಳುವುದಿಲ್ಲ. ಇಬ್ಬರೂ ಹೋಗುವಾಗ ಆ ಮಾಸ್ತರಣಿ ಎದುರಿಗೆ ಬರುತ್ತಾಳೆ. ಕೆಸರು ತೊಳೆದುಕೊಂಡ ಅವನ ಮುಖ ನೋಡುತ್ತಾಳೆ, ತಾಯಿಯ ಮುಖ ನೋಡುತ್ತಾಳೆ, ತುಟಿಯ ಮೇಲೆ ಬೆರಳಿಡುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಅಷ್ಟು ದೊಡ್ಡ ಗದ್ದಲವನ್ನು ನಾನು ಬೇರೆ ಯಾವ ಟಾಕೀಸಿನಲ್ಲೂ ಕೇಳಿಲ್ಲ. ರುಮಾಲು, ಟವೆಲು, ಚೀಟಿ, ಮಂಡಕ್ಕಿಯ ಪೊಟ್ಟಣ, ಕೈಗೆ ಸಿಕ್ಕಿದ್ದೆಲ್ಲ ಮೇಲೆ ಹಾರಿತು. ಬಳಗಾನೂರಿನ ಮುದುಕ ಬೆಂಚಿನ ಮೇಲೆ ನಿಂತಿದ್ದ. ಗೆಳತಿ ಅಳುತ್ತ ನಗುತ್ತ, ‘ನೀ ಈ ಬೆರಳಿಂದು ನನಗ ಹೇಳಿದ್ದಿಲ್ಲ, ಬಚ್ಚಿಟ್ಟಿದ್ದಿ’ ಎಂದು ನನ್ನನ್ನು ತಬ್ಬಿಕೊಂಡಳು. ನಾನು ಹಿಂದೆ ತಿರುಗಿ ನೋಡಿದೆ. ಅಪ್ಪ ಹೋಗಿರಲಿಲ್ಲ. ಗೋಡೆಗೆ ಒರಗಿ ನಿಂತು ಪೂರ್ತಿ ನೋಡಿದ್ದ.

ಸಂಜೆಯ ಬಸ್ಸು ಅಪ್ಪನದೇ. ಚಾಚಿ, ನಾನು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತೆವು. ಬಸ್ಸಿನ ಅರ್ಧ ಜನ ಟಾಕೀಸಿನಿಂದಲೇ ಬಂದವರು. ಅಪ್ಪ ಟಿಕೆಟ್ ಕೊಟ್ಟು ಮುಗಿಸಿ ಬಂದು ತನ್ನ ಸೀಟಿನಲ್ಲಿ ಕುಳಿತ.

‘ಕಾಲೇಜು?’ ಎಂದ.

‘ಎರಡು ಕ್ಲಾಸು ತಪ್ಪಿಸೀನಿ.’

‘ಹೇಳಿ ಹೋಗೂದು ಕಲಿ.’

ಚಾಚಿ ಏನೋ ಹೇಳಲು ಹೋದರು, ಅಪ್ಪ ಕೈ ತೋರಿಸಿ, ‘ನಿಮ್ಮನ್ನ ಏನೂ ಅಂದಿಲ್ರೀ ಚಾಚಿ’ ಎಂದ. ಬಸ್ಸು ಕಾಲುವೆಯ ಸೇತುವೆ ದಾಟಿತು, ಭತ್ತದ ಗದ್ದೆ ಎರಡೂ ಕಡೆ ಹಸಿರಾಗಿ ಓಡತೊಡಗಿತು. ಅಪ್ಪ ಟಿಕೆಟಿನ ಚೀಲದ ಚಿಲ್ಲರೆ ಎಣಿಸಿ ಮುಗಿಸಿದ. ಆಮೇಲೆ ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದ:

‘ಆ ಮಾಸ್ತರಣಿ ಬಾಯಿ ಮ್ಯಾಲ ಯಾಕ ಬೆರಳಿಟ್ಟಳು? ಮಂದಿ ಅಷ್ಟ್ಯಾಕ ಕುಣದ್ರು?’

ಅವನು ನೋಡಿದ್ದು ಕೊನೆಯ ರೀಲು ಮಾತ್ರ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲ ಸಿನಿಮಾದ ಬಸ್ಸಿಗೆ ಹೋಗಬೇಕಿತ್ತು. ಹೇಳತೊಡಗಿದೆ. ಮೆಲ್ಲಗೆ ಶುರು ಮಾಡಿದ್ದು ಹಿಂದಿನವರು ಕೇಳಿಕೊಂಡು ಮುಂದೆ ಬಂದದ್ದರಿಂದ ದೊಡ್ಡ ದನಿಯಾಯಿತು. ಸೇತುವೆ ಮುರಿದು ಬಸ್ಸು ನೇತಾಡಿದಾಗ ಅಪ್ಪ ಸೀಟಿನ ಸರಳು ಹಿಡಿದುಕೊಂಡ.

‘ಆ ಬಸ್ಸಿನ ಕಂಡಕ್ಟರ್ ಉಳದ್ನೇನು?’

ನನಗೆ ನೆನಪಾಗಲಿಲ್ಲ. ಚಾಚಿಯೂ ಯೋಚಿಸಿದರು. ‘ಅವನ್ನ ತೋರ್ಸಿಲ್ರೀ’ ಎಂದರು.

‘ಹೆಂಗ ತೋರ್ಸೂದಿಲ್ಲ? ಬಸ್ ಅಂದ ಮ್ಯಾಲ ಕಂಡಕ್ಟರ್ ಇರಲೇಬೇಕು.’

ಡ್ರೈವರ್ ಮುಂದೆ ನೋಡುತ್ತಲೇ ಹೇಳಿದ, ‘ಕಂಡಕ್ಟರ್ ಬಿಡ್ರಿ, ಬಾಗಲದಾಗ ಇರ್ತಾನ, ಜಿಗೀತಾನ. ಡ್ರೈವರನ ಗತಿ ಏನಾತು ಕೇಳ್ರಿ.’ ಇಡೀ ಬಸ್ಸು ನಕ್ಕಿತು. ಮಸ್ಕಿ ಬಂದಾಗ ನಾನಿನ್ನೂ ಎರಡನೇ ಸಿನಿಮಾದ ಸಮುದ್ರದಲ್ಲಿದ್ದೆ. ನಾವು ಇಳಿದೆವು, ಬಸ್ಸು ಲಿಂಗಸುಗೂರಿಗೆ ಹೋಗಬೇಕಿತ್ತು. ಉಳಿದದ್ದನ್ನು ಹೇಳಲು ಟಾಕೀಸಿನಿಂದ ಬಂದಿದ್ದ ಒಬ್ಬಾಕೆ ನನ್ನ ಜಾಗದಲ್ಲಿ ಕುಳಿತದ್ದನ್ನು ಕಿಟಕಿಯಲ್ಲಿ ಕಂಡೆ.

ಮುಂದಿನ ವಾರ ಅಪ್ಪನಿಗೆ ರಜೆ. ಬೆಳಿಗ್ಗೆ ಎದ್ದವನೇ ಅವ್ವನಿಗೆ, ‘ಚಲೋ ಸೀರಿ ಉಟಗೋ, ಸಿಂಧನೂರಿಗೆ ಹೋಗೂನು’ ಎಂದ. ಯಾರಾದರೂ ತೀರಿಕೊಂಡರೇನು ಎಂದು ಅವ್ವ ಗಾಬರಿಯಾದಳು. ಸಿನಿಮಾಕ್ಕೆ ಎಂದಾಗ ಇನ್ನೂ ಗಾಬರಿಯಾದಳು. ಕೊನೆಗೆ ಅಪ್ಪ, ಅವ್ವ, ಚಾಚಿ, ನಾನು ನಾಲ್ವರೂ ಹೋದೆವು. ಆರ್.ಎಚ್. ಕ್ಯಾಂಪಿನಿಂದ ಗೆಳತಿ ತನ್ನ ಅಜ್ಜಿಯನ್ನು ಕರೆದುಕೊಂಡು ಬಂದಿದ್ದಳು. ಈ ಸಲ ಎಲ್ಲ ಡಬ್ಬಿಗಳೂ ಇದ್ದವು. ಅವ್ವ ಸೆರಗು ಬಾಯಿಗೆ ಹಿಡಿದು, ಮೂರು ತಾಸು ಕುಳಿತಳು. ನೀರು ಕೊಡುವ ಜಾಗದಲ್ಲಿ ನಾನು ಪರದೆ ಬಿಟ್ಟು ಅವಳ ಮುಖವನ್ನೇ ನೋಡಿದೆ, ಅವಳ ಕಣ್ಣು ಒಂದು ಸಲವೂ ಮಿಟುಕಲಿಲ್ಲ.

ಹೊರಗೆ ಬಂದ ಮೇಲೆ ಅವ್ವ ಟಾಕೀಸಿನ ಮೆಟ್ಟಿಲ ಮೇಲೆಯೇ ನಿಂತಳು.

‘ಅಕಿ ಹೇಳಬೇಕಿತ್ತು’ ಎಂದಳು. ‘ಹೆತ್ತಾಕಿ ಆಗಿ, ನೀ ನನ್ನ ಮಗ ಅನ್ನೂದು ಒಂದ ಮಾತು ಹೇಳಬೇಕಿತ್ತು.’

‘ಹೇಳಿದ್ರ ಅಂವ ಮತ್ತ ಹಾರಾಕ ಹೋಗ್ತಾನ’ ಎಂದರು ಚಾಚಿ. ‘ಹೇಳ್ದ ಇದ್ರ ಮನ್ಯಾಗ ಇರ್ತಾನ. ಅದಕ್ಕ ಹೇಳ್ಲಿಲ್ಲ. ತಾಯಿ ಅಂದ್ರ ಹಂಗಿರಬೇಕು.’

‘ಮಗನ್ನ ಎದುರಿಗೆ ಇಟಗೊಂಡು ಪರದೇಶದಾಂವನಂಗ ಊಟಕ್ಕ ನೀಡೂದೇನು? ನನ್ನ ಕೈಲೆ ಆಗೂದಿಲ್ಲ.’

‘ನಿನ್ನ ಕೈಲೆ ಆಗೂದಿಲ್ಲ, ಅಕಿ ಕೈಲೆ ಆಗೈತಿ. ಅದಕ್ಕ ಸಿನಿಮಾ ತಗದಾರ.’

ಗೆಳತಿಯ ಅಜ್ಜಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಏನು ಜಗಳವೆಂದು ಮೊಮ್ಮಗಳನ್ನು ಕೇಳಿ ತಿಳಿದುಕೊಂಡರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಅವ್ವನ ಪಕ್ಕದಲ್ಲಿ ನಿಂತು ಬಂಗಾಲಿಯಲ್ಲಿ ಚಾಚಿಗೆ ಏನೋ ಜೋರಾಗಿ ಹೇಳತೊಡಗಿದರು. ಚಾಚಿ ಅವರಿಗೆ ದಖ್ಖನಿ ಉರ್ದುವಿನಲ್ಲಿ ಉತ್ತರ ಕೊಟ್ಟರು. ಮುಂದಿನ ಆಟಕ್ಕೆ ಸಾಲು ನಿಂತವರು ತಿರುಗಿ ನೋಡಿದರು. ಅದರಲ್ಲಿ ಆಗಲೇ ಸಿನಿಮಾ ನೋಡಿದ್ದ ಒಬ್ಬ ಸಾಲು ಬಿಟ್ಟು ಬಂದು ಅವ್ವನ ಪರವಾಗಿ ಮಾತಾಡಿದ, ಇನ್ನಿಬ್ಬರು ಚಾಚಿಯ ಪರ ವಹಿಸಿದರು. ಅಪ್ಪ ಗಡಿಯಾರ ನೋಡಿಕೊಂಡು ಬಸ್ಸಿಗೆ ಹೊತ್ತಾಯಿತೆಂದ, ಯಾರೂ ಅಲುಗಲಿಲ್ಲ. ಒಂದು ಬಸ್ಸು ತಪ್ಪಿತು. ಆಮೇಲೆ ಅಪ್ಪನೂ ಮಾತಿಗೆ ಸೇರಿಕೊಂಡ, ಇನ್ನೊಂದೂ ತಪ್ಪಿತು.